ತಟ್ಟಿದರೂ ತೆಗೆಯದ ಬಾಗಿಲು

ಹೆದ್ದಾರಿಗೆ ಅಡ್ಡಗಂಬ ಹಾಕಿದ್ದಾರೆ ಎಂದು ಪೆಟ್ರೋಲ್ ಬಂಕಿನವನು ಹೇಳಿದಾಗ ಮಧ್ಯಾಹ್ನ ಇನ್ನೂ ಮುಗಿದಿರಲಿಲ್ಲ. ವಯೋಮಿಂಗ್‌ನ ಈ ದಾರಿಯಲ್ಲಿ ಚಳಿಗಾಲ ಓಡಾಡಿದವರಿಗೆ ಇದು ಹೊಸತಲ್ಲ. ಗಾಳಿ ಹಿಮವನ್ನು ಅಡ್ಡಡ್ಡ ಬೀಸಲು ಶುರುಮಾಡಿತೆಂದರೆ ಅಡ್ಡಗಂಬ ಬೀಳುತ್ತದೆ. ಅದು ಏಳುವವರೆಗೆ ಲಾರಿಯವರು, ನಮ್ಮಂಥ ಮನೆಗಾಡಿಯವರು ಎಲ್ಲರೂ ಸಿಕ್ಕಿದಲ್ಲಿ ನಿಲ್ಲಬೇಕು.

ನಾನು ರಾಲಿನ್ಸ್ ಊರಿನ ಅಂಚಿನಲ್ಲಿರುವ ದೊಡ್ಡ ಅಂಗಡಿಯ ಮುಂದಿನ ಬಯಲಿಗೆ ಗಾಡಿ ತಿರುಗಿಸಿದೆ. ಒಳಗೆ ಹೋಗಿ ಮ್ಯಾನೇಜರಮ್ಮನನ್ನು ಕೇಳಿದೆ.

"ಇವತ್ತೊಂದು ರಾತ್ರಿ ಇರಿ. ಏನಾದ್ರೂ ತಕರಾರು ಬಂತೋ, ಎಲ್ರನ್ನೂ ಎಬ್ಬಿಸಿ ಕಳಿಸ್ತೀನಿ, ಹಿಮ ಇರ್ಲಿ ಬಿಡ್ಲಿ" ಎಂದಳು.

ಬ್ರೆಡ್ಡು ಮತ್ತು ಒಂದು ಡಬ್ಬಿ ಸೂಪು ಕೊಂಡು ಹೊರಗೆ ಬಂದೆ. ಕೇಳದೆ ನಿಲ್ಲಬಾರದು, ನಿಂತ ಮೇಲೆ ಏನೂ ಕೊಳ್ಳದೆ ಹೋಗಬಾರದು. ನನ್ನ ಗಂಡ ತೀರಿಕೊಂಡ ಮೇಲೆ ಈ ಗಾಡಿಯೇ ನನ್ನ ಮನೆ. ಬೇಸಿಗೆಯಲ್ಲಿ ಎಲ್ಲಾದರೂ ಕಾಡಿನ ಶಿಬಿರ ನೋಡಿಕೊಳ್ಳುವ ಕೆಲಸ, ಆಮೇಲೆ ಉತ್ತರದಲ್ಲಿ ಸಕ್ಕರೆ ಗೆಡ್ಡೆಯ ಕೊಯ್ಲು, ಚಳಿ ಬಿದ್ದರೆ ದಕ್ಷಿಣದ ಮರಳುಗಾಡು. ನಡುವಿನ ರಾತ್ರಿಗಳೆಲ್ಲ ಇಂಥ ಅಂಗಡಿ ಬಯಲುಗಳಲ್ಲೇ.

ಸಂಜೆಗೆ ಇನ್ನೊಂದು ಮನೆಗಾಡಿ ಬಂದು ನನ್ನ ಪಕ್ಕ ಸೊಟ್ಟಗೆ ನಿಂತಿತು. ಒಬ್ಬ ದಪ್ಪ ಮನುಷ್ಯ ಇಳಿದು, ಗಾಡಿ ಅಲುಗದಂತೆ ಕೆಳಗೆ ಬಿಡುವ ಕಬ್ಬಿಣದ ಕಾಲುಗಳನ್ನು ಟಾರಿನ ಮೇಲೆ ಇಳಿಸತೊಡಗಿದ. ನನ್ನಿಂದ ಸುಮ್ಮನಿರಲಾಗಲಿಲ್ಲ. ಕೋಟು ಹಾಕಿಕೊಂಡು ಹೋದೆ.

"ಮೊದಲು ಆ ಕಾಲುಗಳನ್ನ ಎತ್ತಿಬಿಡಿ. ಟಾರಿಗೆ ತೂತು ಬಿದ್ರೆ ನಾಳೆಯಿಂದ ನಮ್ಮೋರು ಯಾರಿಗೂ ಇಲ್ಲಿ ಜಾಗ ಸಿಗಲ್ಲ."

ಅವನ ಮುಖ ಚಳಿಗೆ ಕೆಂಪಾಗಿದ್ದುದು ನಾಚಿಕೆಗೆ ಇನ್ನಷ್ಟು ಕೆಂಪಾಯಿತು. "ತಪ್ಪಾಯ್ತಮ್ಮ, ತಪ್ಪಾಯ್ತು. ಗಾಡಿ ತಗೊಂಡು ಇನ್ನೂ ತಿಂಗಳಾಗಿಲ್ಲ" ಎಂದು ಗಡಿಬಿಡಿಯಿಂದ ಕಾಲುಗಳನ್ನು ಎತ್ತಿದ. ಹೆಸರು ವೆಂಡೆಲ್. ನೆಬ್ರಾಸ್ಕಾದಲ್ಲಿ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಬಾಗಿಲಿನಿಂದ ಅವನ ಹೆಂಡತಿ ತಲೆ ಹೊರಗೆ ಹಾಕಿದಳು.

"ಬೈಸ್ಕೊಂಡು ಆಯ್ತಾ? ಹಾಗಾದ್ರೆ ಅವರನ್ನೂ ಊಟಕ್ಕೆ ಕರೀರಿ. ಬೈದೋರಿಗೆ ಹಸಿವಾಗಿರುತ್ತೆ."

ಅವಳು ಮರ್ಲೀನ್. ಒಳಗೆ ಕೂರಿಸಿ ರಾಜ್ಮಾ ಕಾಳು, ಮಾಂಸ ಹಾಕಿದ ಖಾರದ ಸಾರು ಬಡಿಸಿದಳು, ಜೊತೆಗೆ ದಾಲ್ಚಿನ್ನಿ ಹಚ್ಚಿದ ಸಿಹಿ ಬನ್ನು. ಸಾರಿನಲ್ಲಿ ಸಿಹಿ ಬನ್ನು ಅದ್ದಿ ತಿನ್ನುವುದು ಆ ಸೀಮೆಯವರಿಗೆ ಮಾತ್ರ ಒಗ್ಗುವ ರುಚಿ. ನಾನೂ ಅದ್ದಿ ತಿಂದೆ.

ಅವರ ಗಾಡಿಯ ಗ್ಯಾಸ್ ಒಲೆ ಉರಿಯುತ್ತಿತ್ತು, ಆದರೆ ಕೋಣೆ ಬಿಸಿ ಮಾಡುವ ಯಂತ್ರ ಕೆಟ್ಟಿತ್ತು. ಅದಕ್ಕೆ ಹಿಂದಿನ ಗೂಡಿನಲ್ಲಿರುವ ಜನರೇಟರ್ ಓಡಿಸಿ, ಒಂದು ಸಣ್ಣ ಕರೆಂಟು ಹೀಟರು ಹಚ್ಚಿಕೊಂಡಿದ್ದರು.

"ಹತ್ತು ಗಂಟೆಗೆ ಜನರೇಟರ್ ನಿಲ್ಲಿಸಿಬಿಡಿ" ಎಂದೆ. "ಆಮೇಲೆ ಓಡಿಸೋದು ನಮ್ಮಲ್ಲಿಲ್ಲ. ಕಂಬಳಿ ಬೇಕಾದ್ರೆ ನನ್ನ ಹತ್ರ ಇದೆ."

"ನಿಲ್ಲಿಸ್ತೀನಿ. ಇನ್ನೊಂದು ಸಲ ಬೈಸ್ಕೊಳ್ಳಲ್ಲ" ಎಂದ ವೆಂಡೆಲ್.

ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ, ಬಿಳಿ ಪ್ಲಾಸ್ಟಿಕ್ಕಿನ ಒಂದು ಸಾಧನ ತಂತಿ ಹೊರಬಿದ್ದು ಮಲಗಿತ್ತು. ವಿಷದ ಹೊಗೆ ಒಳಗೆ ಬಂದರೆ ಕೂಗುವಂಥದ್ದು. ಎಲ್ಲ ಗಾಡಿಗಳಲ್ಲೂ ಇರುತ್ತದೆ.

"ಇದು ಯಾಕೆ ಇಲ್ಲಿದೆ?"

"ಅಯ್ಯೋ, ಅದಾ? ಇವಳು ಹಂದಿಮಾಂಸ ಹುರಿದ್ರೆ ಕೂಗುತ್ತೆ, ಬ್ಯಾಟರಿ ಇಳಿದ್ರೆ ಕೂಗುತ್ತೆ, ನಾನು ಸೀನಿದ್ರೂ ಕೂಗುತ್ತೆ. ನಮ್ಮತ್ತೆ ಹೋದ್ಮೇಲೆ ಇಂಥ ದನಿ ಕೇಳಿರ್ಲಿಲ್ಲ. ಕಿತ್ತುಹಾಕ್ದೆ."

"ನಮ್ಮಮ್ಮನ ಸುದ್ದಿಗೆ ಬರ್ಬೇಡಿ" ಎಂದು ಮರ್ಲೀನ್ ಚಮಚದಿಂದ ಅವನ ಕೈಗೆ ಹೊಡೆದಳು.

"ವಾಪಸ್ ಹಾಕಿ ವೆಂಡೆಲ್" ಎಂದೆ. "ಬೆಳಿಗ್ಗೆ ಹಾಕ್ತೀನಿ" ಎಂದ.

ಆಮೇಲೆ ಅವರು ಕೇಳುತ್ತಾ ಹೋದರು, ನಾನು ನಮ್ಮವರ ರೀತಿರಿವಾಜು ಹೇಳುತ್ತಾ ಹೋದೆ. ಹೊರಗೆ ಕುರ್ಚಿ ಹಾಕಬಾರದು. ಗಾಡಿಯ ಮೂತಿ ದಾರಿಯ ಕಡೆಗಿರಬೇಕು. ಇನ್ನೊಬ್ಬರ ಬಾಗಿಲಿಗೆ ಹೋಗಿ ತಟ್ಟಬಾರದು. ಎಲ್ಲಕ್ಕಿಂತ ದೊಡ್ಡದು, ಪಾಯಿಖಾನೆ ತೊಟ್ಟಿಯ ತಿರುಪು ಬಿಗಿಯಾಗಿರಬೇಕು. ಒಬ್ಬ ಅಯೋಗ್ಯ ಅಂಗಡಿ ಬಯಲಿನಲ್ಲಿ ತೊಟ್ಟಿ ಖಾಲಿಮಾಡಿದ ಅಂದರೆ ಆ ಊರೇ ನಮಗೆ ಮುಚ್ಚಿದಂತೆ.

"ಅಷ್ಟು ಮಾನಗೆಟ್ಟೋರೂ ಇದಾರಾ?" ವೆಂಡೆಲ್ ಬನ್ನು ಕೆಳಗಿಟ್ಟ. ತಕ್ಷಣ ಟಾರ್ಚು ಹಿಡಿದು ಹೊರಗೆ ಹೋಗಿ ತಿರುಪು ನೋಡಿಕೊಂಡು ಬಂದ.

"ಮತ್ತೆ ನಮ್ಮ ಬಾಗಿಲನ್ನ ಯಾರಾದ್ರೂ ತಟ್ಟಿದ್ರೆ?" ಮರ್ಲೀನ್ ಕೇಳಿದಳು. ಆ ಮಾತು ಕೇಳುವಾಗ ಅವಳ ನಗು ಇರಲಿಲ್ಲ.

"ತೆಗೀಬೇಡಿ. ದೀಪ ಹಚ್ಬೇಡಿ. ಮಿಸುಕಾಡ್ಬೇಡಿ. ಪೊಲೀಸರಾದ್ರೆ ಪೊಲೀಸರು ಅಂತ ಕೂಗಿ ಹೇಳ್ತಾರೆ. ಕುಡುಕನಾದ್ರೆ ಬೇಜಾರಾಗಿ ಹೋಗ್ತಾನೆ. ಕಾವಲಿನವನಾದ್ರೆ ಇವರು ಏಳಲ್ಲ ಅಂತ ಪಕ್ಕದ ಗಾಡಿಗೆ ಹೋಗ್ತಾನೆ."

"ಪಕ್ಕದ ಗಾಡಿ ಅಂದ್ರೆ ನಿಮ್ದೇ ಅಲ್ವಾ?"

"ನಾನೂ ಏಳಲ್ಲ" ಎಂದೆ. ಮೂವರೂ ನಕ್ಕೆವು.

ರಾತ್ರಿ ಜನರೇಟರ್ ನಿಲ್ಲಲಿಲ್ಲ. ಮಲಗಿದಲ್ಲಿಂದಲೇ ಅದರ ಗುರುಗುರು ಕೇಳುತ್ತಿತ್ತು. ಹೇಳಿದ್ದು ಕಿವಿಗೆ ಹೋಗಲಿಲ್ಲ ಅಂತ ಸಿಟ್ಟು ಬಂತು. ಹೆಂಡತಿಗೆ ಚಳಿ ತಡೆಯದೆ ಓಡಿಸಿರಬೇಕು ಅಂತ ಸಮಾಧಾನವೂ ಮಾಡಿಕೊಂಡೆ. ಎದ್ದು ಹೋಗಿ ತಟ್ಟುವುದು ನಮ್ಮಲ್ಲಿಲ್ಲ. ಕಂಬಳಿ ಕಿವಿಯ ಮೇಲೆ ಎಳೆದುಕೊಂಡೆ.

ಬೆಳಕು ಹರಿಯುವ ಹೊತ್ತಿಗೆ ಗಾಳಿ ನಿಂತಿತ್ತು. ಕಾಫಿಗೆ ನೀರಿಟ್ಟು ಕಿಟಕಿಯ ಪರದೆ ಸರಿಸಿದೆ. ಹಿಮ ಅವರ ಗಾಡಿಯ ಹಿಂಭಾಗಕ್ಕೆ ಒತ್ತರಿಸಿ, ಚಕ್ರ ಮುಚ್ಚಿ, ಹೊಟ್ಟೆಯವರೆಗೆ ಏರಿ ಕೂತಿತ್ತು. ಜನರೇಟರಿನ ದನಿ ರಾತ್ರಿಯಂತಿರಲಿಲ್ಲ. ರಜಾಯಿಯ ಒಳಗಿಂದ ಯಾರೋ ಮಾತಾಡುತ್ತಿರುವಂತೆ ಕೇಳಿಸುತ್ತಿತ್ತು.

ನಾನು ಅದರ ಹೊಗೆ ಹುಡುಕಿದೆ. ಇಂಥ ಚಳಿಯಲ್ಲಿ ಓಡುವ ಯಂತ್ರದ ಹೊಗೆ ಬೆಳ್ಳಗೆ ಮೇಲೇಳಬೇಕು. ಎಲ್ಲೂ ಇರಲಿಲ್ಲ. ಹೊರಗೆ ಬರದ ಹೊಗೆ ಎಲ್ಲಿಗೆ ಹೋಗುತ್ತಿದೆ?

ಒಲೆ ಆರಿಸಿ, ಬೂಟಿನೊಳಗೆ ಕಾಲು ತುರುಕಿ ಓಡಿದೆ. ಓಡಿದೆ ಎನ್ನುವುದು ಮಾತಿಗೆ. ಹಿಮ ಮೊಣಕಾಲು ಹಿಡಿಯುತ್ತಿತ್ತು. ಅವರ ಬಾಗಿಲು ತಟ್ಟಿದೆ.

ಸದ್ದಿಲ್ಲ.

"ಮರ್ಲೀನ್! ನಾನು, ಆರ್ಡಿತ್! ಪಕ್ಕದ ಗಾಡಿಯವಳು!"

ಸದ್ದಿಲ್ಲ. ಪರದೆ ಅಲುಗಲಿಲ್ಲ. ನಾನು ಹೇಳಿಕೊಟ್ಟ ಹಾಗೇ, ದೀಪವಿಲ್ಲ, ಮಿಸುಕಾಟವಿಲ್ಲ. ಪಾಠ ಒಪ್ಪಿಸುತ್ತಿದ್ದಾರೋ, ಪ್ರಾಣ ಬಿಡುತ್ತಿದ್ದಾರೋ, ಹೊರಗೆ ನಿಂತವಳಿಗೆ ಹೇಗೆ ಗೊತ್ತಾಗಬೇಕು? ಎರಡೂ ಒಂದೇ ಥರ ಇರುತ್ತದೆ.

ಹಿಂದಿನಿಂದ ಹಳದಿ ದೀಪ ತಿರುಗಿಸುತ್ತಾ ಕಾವಲಿನವನ ಪಿಕಪ್ ಬಂದು ನಿಂತಿತು. ಲೈಲ್ ಅಂತ ಅವನ ಕೋಟಿನ ಮೇಲೆ ಹೊಲಿದಿತ್ತು. ಬಾಯಲ್ಲಿ ಸೂರ್ಯಕಾಂತಿ ಬೀಜ.

"ಏನಮ್ಮ, ಬೆಳಬೆಳಿಗ್ಗೆ ಜಗಳ?"

"ಒಳಗೆ ಹೊಗೆ ತುಂಬಿದೆ ಅನ್ಸುತ್ತೆ. ಏಳ್ತಿಲ್ಲ."

"ಏಳಲ್ಲ. ರಾತ್ರಿ ಜನರೇಟರ್ ನಿಲ್ಲಿಸಿ ಅಂತ ನಾನೂ ತಟ್ದೆ. ನಿಮ್ಮೋರೆಲ್ಲ ಹೀಗೇ, ಸತ್ತೋರ ಹಾಗೆ ಬಿದ್ಕೊಂಡಿರ್ತೀರ. ನಿಮ್ಮ ಗಾಡೀನೂ ತಟ್ದೆ. ನೀವು ಎದ್ರಾ?"

ನಾನು ಎದ್ದಿರಲಿಲ್ಲ. ಕಂಬಳಿಯ ಕೆಳಗೆ ಆ ತಟ್ಟು ಕೇಳಿ ಉಸಿರು ಬಿಗಿಹಿಡಿದಿದ್ದೆ.

"ಸಲಿಕೆ ಇದೆಯಾ?"

"ಇದೆ, ಆದ್ರೆ..."

"ಕೊಡಪ್ಪ, ಆಮೇಲೆ ಮಾತಾಡೋಣ."

ಅವನು ಕೊಡಲಿಲ್ಲ. ತಾನೇ ಇಳಿದು, ಬೀಜದ ಸಿಪ್ಪೆ ಉಗಿದು, ಹಿಂಭಾಗದ ಹಿಮ ಎತ್ತಿಹಾಕಿದ. ಹೊಗೆಕೊಳವೆಯ ಬಾಯಿ ಹಿಮದಲ್ಲಿ ಹೂತು, ಸುತ್ತ ಕರಗಿದ ಒಂದು ಕಪ್ಪು ಗವಿಯಾಗಿತ್ತು. ಆ ಗವಿಗೆ ಇದ್ದ ಒಂದೇ ದಾರಿ ಗಾಡಿಯ ನೆಲದ ಕಡೆಗಿತ್ತು. ಲೈಲ್ ಕೆಮ್ಮಿ ಹಿಂದೆ ಸರಿದ. ಅವನ ಮುಖದ ನಗೆ ಹೋಗಿತ್ತು.

ಜನರೇಟರಿನ ಗೂಡಿಗೆ ಬೀಗವಿತ್ತು. ನನ್ನ ಗಾಡಿಯ ಗೂಡಿನ ಕೀಲಿಯನ್ನೇ ತೂರಿಸಿ ತಿರುಗಿಸಿದೆ. ತೆರೆಯಿತು. ಈ ಗೂಡುಗಳ ಕೀಲಿ ಬಹುಪಾಲು ಗಾಡಿಗಳಿಗೆ ಒಂದೇ. ಇಲ್ಲಿ ಬೀಗ ಇರುವುದು ಮರ್ಯಾದೆಗೆ.

"ಇದೊಂದು ಚೆನ್ನಾಗಿದೆ" ಎಂದ ಲೈಲ್.

ಗುಂಡಿ ಒತ್ತಿದೆ. ಯಂತ್ರ ನಿಂತಿತು. ಬಯಲಿಡೀ ಒಮ್ಮೆಲೇ ಮೌನವಾಯಿತು. ಹೀಟರು ಆರಿದ್ದು ಎಚ್ಚರ ಇದ್ದವರಿಗೆ ತಿಳಿಯಲೇಬೇಕು. ಕಾದೆವು. ಯಾರೂ ಬೈಯಲಿಲ್ಲ, ಯಾರೂ ಕೆಮ್ಮಲಿಲ್ಲ.

ವಾಸದ ಬಾಗಿಲ ಕೀಲಿ ಬೇರೆ. ಲೈಲ್ ಹಿಡಿ ಎಳೆದು ನೋಡಿದ, ಅಲುಗಲಿಲ್ಲ. ನಾನು ಅವನ ಪಿಕಪ್ಪಿನಿಂದ ಚಕ್ರ ಬಿಚ್ಚುವ ಕಬ್ಬಿಣ ತೆಗೆದುಕೊಂಡೆ. ಅವನು ನನ್ನ ಮಣಿಕಟ್ಟು ಹಿಡಿದ.

"ತಡೀರಮ್ಮ. ಆಂಬುಲೆನ್ಸಿಗೆ ಫೋನ್ ಮಾಡ್ತೀನಿ, ಅವರು ಬರ್ಲಿ. ಒಳಗೆ ಆರಾಮಾಗಿ ಮಲಗಿದ್ರೆ? ಗಾಜು ಒಡೆದ್ರಿ ಅಂತ ಅವರು ದೂರು ಕೊಟ್ರೆ ನನ್ನ ಕೆಲಸ ಹೋಗುತ್ತೆ. ನೀವೆಲ್ರೂ ಈಗಲೇ ಹೊರಡ್ಬೇಕಾಗುತ್ತೆ. ರಸ್ತೆ ಇನ್ನೂ ತೆಗೆದಿಲ್ಲ."

"ಫೋನ್ ಮಾಡು. ಅವರು ಈ ಹಿಮದಲ್ಲಿ ಎಷ್ಟು ಹೊತ್ತಿಗೆ ಬರ್ತಾರೆ?"

ಅವನು ಫೋನಿನಲ್ಲಿ ಮಾತಾಡತೊಡಗಿದ. ಆದರೆ ನನ್ನ ಮಣಿಕಟ್ಟು ಬಿಡಲಿಲ್ಲ. ನಾನೂ ಕೊಸರಲಿಲ್ಲ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹೆದರಿಕೊಂಡ ಇಬ್ಬರು ಹೊಸಬರು ಹಾಸಿಗೆಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು, ನಾವು ಹೋಗಲಿ ಎಂದು ಕಾಯುತ್ತಿರಬಹುದು. ಎಷ್ಟು ತಟ್ಟಿದರೂ ಅವರು ಏಳುವುದಿಲ್ಲ. ತಟ್ಟಿದರೆ ಏಳಬಾರದೆಂದು ನಾನೇ ಹೇಳಿದ್ದೇನೆ.

ಯಾವುದಕ್ಕೆ ಏಳುತ್ತಾರೆ?

ಹೊಳೆಯಿತು. ಬಾಗಿಲಿಗೆ ಬಾಯಿ ಹಚ್ಚಿ, ಬಯಲಿನ ಲಾರಿಯವರೆಲ್ಲ ಕೇಳುವಂತೆ ಕಿರುಚಿದೆ.

"ವೆಂಡೆಲ್! ನಿಮ್ಮ ತೊಟ್ಟಿಯ ತಿರುಪು ಬಿಚ್ಚಿದೆ! ಪಾಯಿಖಾನೆ ಎಲ್ಲಾ ಅಂಗಡಿ ಮುಂದೆ ಹರೀತಿದೆ! ಜನ ನೋಡ್ತಿದಾರೆ, ವೆಂಡೆಲ್!"

ದೂರದ ಲಾರಿಯೊಂದರಿಂದ ಯಾರೋ ಗಾಜಿಳಿಸಿ ಕೆಟ್ಟದಾಗಿ ಬೈದರು. ಲೈಲ್ ಫೋನು ಕಿವಿಯಲ್ಲಿಟ್ಟುಕೊಂಡೇ ಬಗ್ಗಿ ಗಾಡಿಯ ಕೆಳಗೆ ನೋಡಿದ.

ಆ ಮಾತು ಕೇಳಿಯೂ ಹಾಸಿಗೆಯಲ್ಲಿ ಬಿದ್ದಿರುವ ಮನುಷ್ಯ ಅಲ್ಲ ವೆಂಡೆಲ್. ಬರಿಗಾಲಿನಲ್ಲಿ, ಬೇಕಾದರೆ ಚಡ್ಡಿಯಲ್ಲಿ, ಹಿಮಕ್ಕೆ ಜಿಗಿಯುತ್ತಿದ್ದ.

ಗಾಡಿ ಅಲುಗಲಿಲ್ಲ.

"ಬಿಡು ಕೈ" ಎಂದೆ. ಲೈಲ್ ಬಿಟ್ಟ.

ಬಾಗಿಲಿನ ಗಾಜು ಎರಡನೆಯ ಏಟಿಗೆ ಒಡೆಯಿತು. ಕೈ ತೂರಿಸಿ ಚಿಲಕ ತೆಗೆದೆ. "ನೀವು ಹೊರಗಿರಿ, ಉಸಿರು ಎಳ್ಕೋಬೇಡಿ" ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ ಲೈಲ್ ಒಳಗೆ ನುಗ್ಗಿದ. ನಾನು ಸುತ್ತ ಹೋಗಿ ಕಿಟಕಿಯ ಗಾಜುಗಳನ್ನೂ ಒಡೆದೆ. ಒಡೆಯುವುದಕ್ಕೆ ಶುರುಮಾಡಿದ ಮೇಲೆ ಲೆಕ್ಕ ನೋಡಬಾರದು. ಮೊದಲು ಮರ್ಲೀನ್ ಬಂದಳು, ಬಟ್ಟೆ ಗಂಟಿನಂತೆ ಅವನ ತೋಳಿನಲ್ಲಿ. ಆಮೇಲೆ ವೆಂಡೆಲ್‌ನನ್ನು ಅವನು ಕಂಕುಳಿಗೆ ಕೈಹಾಕಿ ಎಳೆದ, ಮೆಟ್ಟಿಲಲ್ಲಿ ನಾನು ಕಾಲು ಹಿಡಿದೆ. ಬೈದ ಲಾರಿಯವನೂ ಬೂಟಿನ ದಾರ ಕಟ್ಟದೆ ಓಡಿಬಂದ. ಹಿಮದ ಮೇಲೆ ಕಂಬಳಿ ಹಾಸಿ ಇಬ್ಬರನ್ನೂ ಮಲಗಿಸಿದೆವು. ಮರ್ಲೀನ್ ವಾಂತಿ ಮಾಡಿಕೊಂಡಳು. ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ವೆಂಡೆಲ್‌ನ ಎದೆ ಏರುತ್ತಿತ್ತು, ಆದರೆ ನಡುನಡುವೆ ಮರೆತುಹೋದವರಂತೆ ನಿಲ್ಲುತ್ತಿತ್ತು. ನಾನು ಅವನ ಕೆನ್ನೆ ತಟ್ಟುತ್ತಾ ಕೂತೆ. ಪ್ರತಿ ಸಲ ನಿಂತಾಗ ಜೋರಾಗಿ ತಟ್ಟಿದೆ. ಆಂಬುಲೆನ್ಸಿನ ಸದ್ದು ಬರುವವರೆಗೆ ಲೈಲ್‌ನ ಕಣ್ಣು ಅವನ ಎದೆ ಬಿಟ್ಟು ಕದಲಲಿಲ್ಲ.

ಮಾರನೆಯ ದಿನ ಆಸ್ಪತ್ರೆಗೆ ಹೋದೆ. ಇಬ್ಬರಿಗೂ ಒಂದೇ ಕೋಣೆ, ಇಬ್ಬರ ಮುಖಕ್ಕೂ ಆಮ್ಲಜನಕದ ಮುಸುಕು. ಮರ್ಲೀನ್ ಮುಸುಕು ಸರಿಸಿ ನನ್ನ ಕೈ ಹಿಡಿದಳು.

"ನಿಮ್ಮ ತಟ್ಟು ಕೇಳಿಸ್ತು" ಎಂದಳು. "ರಾತ್ರಿ ತಟ್ಟಿದ್ದೂ ಕೇಳಿಸಿತ್ತು. ಆಗ ತಲೆ ಸಿಡೀತಿತ್ತು, ಎದ್ದು ಕಿಟಕಿ ತೆಗೀಬೇಕು ಅನ್ಕೊಂಡೆ. ತಟ್ಟಿದ ತಕ್ಷಣ ಹಾಗೇ ಬಿದ್ಕೊಂಡೆ. ಆರ್ಡಿತ್ ಹೇಳಿದಾರೆ, ಮಿಸುಕಾಡ್ಬಾರ್ದು ಅಂತ."

ಅವಳು ಕೈ ಬಿಡಲಿಲ್ಲ.

ಪಕ್ಕದ ಮಂಚದಿಂದ ವೆಂಡೆಲ್ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದ. ಏನೋ ಹೇಳಬೇಕೆಂದು ಬೆರಳಾಡಿಸಿದ. ಅವನ ಮುಸುಕು ಎತ್ತಿ, ನನ್ನ ಕಿವಿಯನ್ನು ಅವನ ಬಾಯಿಯ ಹತ್ತಿರ ಹಿಡಿದೆ.

"ಆ ತಿರುಪು" ಎಂದ. ದನಿ ಮರಳಿನಂತಿತ್ತು. "ನಿಜವಾಗ್ಲೂ ಬಿಚ್ಚಿತ್ತಾ?"

"ಇಲ್ಲಪ್ಪ. ಬಿಗಿಯಾಗೇ ಇತ್ತು."

ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ, ಉದ್ದಕ್ಕೆ, ಒಂದೇ ಸಮ.

"ಅಂಗಡಿಯವರಿಗೆ ಹೇಳಿದೀರಾ? ಬಿಗಿಯಾಗಿತ್ತು ಅಂತ?"

"ಹೇಳ್ತೀನಿ" ಎಂದು ಎದ್ದೆ. ಹೊರಗೆ ಲೈಲ್ ಪಿಕಪ್ಪಿನಲ್ಲಿ ಕಾಯುತ್ತಿದ್ದ. ಒಡೆದ ಕಿಟಕಿಗಳಿಗೆ ರಟ್ಟು ಅಂಟಿಸುವ ಕೆಲಸ ಅರ್ಧ ಉಳಿದಿತ್ತು.