ನಂತೂರಿನ ಏರು

ಹಲ್ಲಿನಲ್ಲಿ ಕಚ್ಚಿದ್ದ ಸ್ಕ್ರೂಡ್ರೈವರನ್ನು ಉಗುಳಿ ಮಾಯಿಲಪ್ಪ "ನಿಲ್ಲಿಸಿ!" ಎಂದು ಕೂಗುವಷ್ಟರಲ್ಲಿ ಇಂಜಿನ್ ಗಡಗಡ ನಡುಗಿ, ಒಳಗೇನೋ ಮುರಿದ ಸದ್ದಿನೊಂದಿಗೆ ನಿಂತುಹೋಯಿತು. ಜೀಪಿನ ಅಡಿಯಿಂದ ಕಪ್ಪು ಎಣ್ಣೆ ಅಂಗಳದ ಕೆಂಪು ಮಣ್ಣಿಗೆ ಸುರಿಯತೊಡಗಿತು. ಸ್ಟಿಯರಿಂಗ್ ಹಿಡಿದು ಕೂತಿದ್ದ ನರ್ಸ್ ಗೆರ್ಟ್ರೂಡ್ ಇಳಿದು ಬಂದು ನೋಡಿದರು. ಇಂಜಿನಿನ ಮಗ್ಗುಲಲ್ಲಿ ಮುಷ್ಟಿ ತೂರುವಷ್ಟು ತೂತು ಬಿದ್ದಿತ್ತು.

"ಇದು ಮುಗಿಯಿತು ಬಾಯಮ್ಮ," ಎಂದ ಮಾಯಿಲಪ್ಪ. ಗೇರ್‌ಬಾಕ್ಸಿನ ಎಣ್ಣೆಯನ್ನು ತಗಡಿನ ಡಬ್ಬಕ್ಕೆ ಇಳಿಸಿ, ಅದರಲ್ಲಿ ಕೈಯಾಡಿಸಿ, ಗೇರಿನ ಮುರಿದ ಹಲ್ಲಿನ ನಾಲ್ಕು ಚೂರುಗಳನ್ನು ಅಂಗೈಯಲ್ಲಿಟ್ಟು ತೋರಿಸಿದ. "ಇದೂ ಮುಗಿಯಿತು. ಎರಡೂ ಬೇರೆ ಹಾಕಬೇಕು."

ಮಾಯಿಲಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಇಪ್ಪತ್ತು ವರ್ಷ ಇಂಜಿನುಗಳ ಮೇಲೆ ಬಗ್ಗಿ ಕೆಲಸ ಮಾಡಿದವನ ಕಿವಿ ಸ್ವಲ್ಪಸ್ವಲ್ಪವೇ ಮಂದವಾಗಿ, ಹೋದ ವರ್ಷ ಪೂರ್ತಿ ಹೋಗಿತ್ತು. ಅದು ಇನ್ನು ಬರುವುದಿಲ್ಲವೆಂದು ಅವನಿಗೆ ಹೇಳಿದವರು ಗೆರ್ಟ್ರೂಡ್ ಅವರೇ. ಆ ತಿಂಗಳೇ ಬಸ್ ಕಂಪನಿಯವರು ಅವನನ್ನು ವರ್ಕ್‌ಶಾಪಿನಿಂದ ಬಿಡಿಸಿದ್ದರು. ಇಂಜಿನಿನ ಸದ್ದು ಕೇಳದವನು ಎಂಥ ಮೆಕ್ಯಾನಿಕ್ ಎಂದು ಅವರ ವಾದ. ಅಂದಿನಿಂದ ನಂತೂರಿನ ಗುಡ್ಡದಡಿಯ ಅವನ ಅಂಗಳಕ್ಕೆ ಒಂದು ಸೈಕಲ್ಲೂ ರಿಪೇರಿಗೆ ಬಂದಿರಲಿಲ್ಲ. ಬಾಗಿ ಎಂಬ ಹೆಸರಿನ ಅವನ ಹೆಂಡತಿ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು.

ಎರಡನೆಯ ಮಹಾಯುದ್ಧ ಮುಗಿದು ಹದಿನಾರು ವರ್ಷವಾಗಿತ್ತು. ಮಿಲಿಟರಿಯವರು ಬಿಟ್ಟುಹೋದ ಆ ಜೀಪು ಈಗ ಧರ್ಮದ ಡಿಸ್ಪೆನ್ಸರಿಯದು. ಮಂಗಳವಾರ, ಶುಕ್ರವಾರ ಗೆರ್ಟ್ರೂಡ್ ಅದನ್ನು ತಾವೇ ಓಡಿಸಿಕೊಂಡು, ಔಷಧದ ಪೆಟ್ಟಿಗೆಯೊಡನೆ ಕೂಳೂರಿನ ಆಚೆಯ ಹಳ್ಳಿಗಳಿಗೆ ಹೋಗಿಬರುತ್ತಿದ್ದರು.

ಸುದ್ದಿ ತಿಳಿದು ಡಿಸ್ಪೆನ್ಸರಿ ಕಮಿಟಿಯ ಕಾರ್ಯದರ್ಶಿ ಅಲೆಕ್ಸ್ ಮಾಯಿಲಪ್ಪನ ಅಂಗಳಕ್ಕೇ ಬಂದರು. "ಗುಜರಿಗೆ ಕೊಟ್ಟುಬಿಡುವ. ನಿಮಗೂ ಐವತ್ತು ದಾಟಿತು. ಇಲ್ಲೇ ಕೂತು ಮದ್ದು ಕೊಡಿ, ಬೇಕಾದವರು ಬರ್ತಾರೆ."

"ದಿನ ತುಂಬಿದ ಬಸುರಿ ಕೆಸರಲ್ಲಿ ಆರು ಮೈಲು ನಡೆದು ಬರಬೇಕಾ?" ಗೆರ್ಟ್ರೂಡರ ಸ್ವರ ಏರಿತು. "ಹದಿನೈದು ದಿನ ಕೊಡಿ. ಆಮೇಲೆ ನೀವೇ ಕೂತು ನೋಡಿ. ಓಡದಿದ್ದರೆ ಗುಜರಿಗೆ ಹಾಕಿ."

"ಆಯಿತು. ಆದರೆ ಕಿವಿ ಕೇಳದವನ ಹತ್ತಿರ ಮಾಡಿಸ್ತೀರಾ?"

ಮಾಯಿಲಪ್ಪ ಅವರ ತುಟಿಯನ್ನೇ ನೋಡುತ್ತಿದ್ದ. "ಅಲೆಕ್ಸ್ ಪೊರ್ಬುಗಳೇ, ಹೋದದ್ದು ಕಿವಿ ಮಾತ್ರ," ಎಂದ. ಅಲೆಕ್ಸ್ ಮುಖ ಕೆಂಪಾಗಿ ಕೊಡೆ ಬಿಡಿಸಿ ಹೊರಟರು.

ಬಂದರಿನಲ್ಲಿ ಮೊಯ್ದೀನಬ್ಬನ ಗೋದಾಮಿನ ಹಿಂದುಗಡೆ, ಕೊಬ್ಬರಿ ಚೀಲಗಳ ಮರೆಯಲ್ಲಿ, ಬೇಕಾದದ್ದು ಸಿಕ್ಕಿತು. ಘಾಟಿಯಲ್ಲಿ ಉರುಳಿದ ಹೊಸ ಮಾದರಿಯ ಜೀಪೊಂದರ ಇಂಜಿನ್, ಗೇರ್‌ಬಾಕ್ಸ್. ಮೇಲಿನ ಮೈಯೆಲ್ಲ ಜಜ್ಜಿಹೋದರೂ ಇವೆರಡಕ್ಕೆ ಪೆಟ್ಟಾಗಿರಲಿಲ್ಲ. ಮಾಯಿಲಪ್ಪ ಕಣ್ಣು ಮುಚ್ಚಿ, ಒಂದು ಅಂಗೈಯನ್ನು ಇಂಜಿನಿನ ಮೇಲಿಟ್ಟು, ಇನ್ನೊಂದು ಕೈಯಿಂದ ಅದನ್ನು ಮೆಲ್ಲಗೆ ತಿರುಗಿಸಿ ನೋಡಿ ತಲೆಯಾಡಿಸಿದ.

"ದೋಣಿಗೆ ಹಾಕುವ ಅಂತ ಇಟ್ಟದ್ದು ನರ್ಸಮ್ಮ," ಎಂದ ಮೊಯ್ದೀನಬ್ಬ. ಕೂಳೂರಿನ ಆಚೆ ಅವನ ತಾಯಿಯ ಕಾಲಿನ ಹುಣ್ಣಿಗೆ ವಾರವಾರ ಪಟ್ಟಿ ಕಟ್ಟುತ್ತಿದ್ದವರು ಗೆರ್ಟ್ರೂಡ್. "ತೆಕ್ಕೊಂಡು ಹೋಗಿ. ದೋಣಿ ಕಾಯ್ತದೆ, ಉಮ್ಮನ ಕಾಲು ಕಾಯುವುದಿಲ್ಲ."

ಆರು ಜನ ಹಮಾಲಿಗಳು ಎತ್ತಿ ಗಾಡಿಗೆ ಹಾಕಿದರು.

ಹಲಸಿನ ಮರದ ಕೊಂಬೆಗೆ ಸರಪಳಿಯ ರಾಟೆ ಕಟ್ಟಿ ಹಳೆಯ ಇಂಜಿನನ್ನು ಎತ್ತಿದ್ದು ಒಂದೇ ಬೆಳಿಗ್ಗೆಯ ಕೆಲಸ. ಹೊಸತನ್ನು ಕೂಡಿಸುವುದು ಹಾಗಾಗಲಿಲ್ಲ. ನಾಲ್ಕು ಚಕ್ರಕ್ಕೂ ಬಲ ಹಂಚುವ ಹಳೆಯ ಪೆಟ್ಟಿಗೆಗೂ ಹೊಸ ಗೇರ್‌ಬಾಕ್ಸಿಗೂ ಕೂದಲೆಳೆಯಷ್ಟು ಹೊಂದಿಕೆ ತಪ್ಪುತ್ತಿತ್ತು. ಮಾಯಿಲಪ್ಪ ಹೆಬ್ಬೆರಳಿನಿಂದ ಸವರಿ ನೋಡುವುದು, ಅರದಿಂದ ಉಜ್ಜುವುದು, ಕೂಡಿಸುವುದು, ತೃಪ್ತಿಯಾಗದೆ ಮತ್ತೆ ಬಿಚ್ಚುವುದು. ಹೀಗೆ ಐದು ದಿನ ಹೋಯಿತು.

"ನನ್ನನ್ನು ಮದುವೆಯಾಗುವಾಗ ಇಷ್ಟು ಸಲ ನೋಡ್ಲಿಲ್ಲ ಇವರು," ಎಂದಳು ಬಾಗಿ, ಊಟದ ಹೊತ್ತಿಗೆ ಬಂದಿದ್ದ ಗೆರ್ಟ್ರೂಡರಿಗೆ.

"ಎಂತ ಹೇಳಿದ್ದು ಅವಳು?" ಜೀಪಿನ ಅಡಿಯಿಂದ ತಲೆ ಹೊರಗೆ ಹಾಕಿ ಮಾಯಿಲಪ್ಪ ಕೇಳಿದ.

"ಒಳ್ಳೆಯದೇ ಹೇಳಿದಳು!" ಎಂದರು ಗೆರ್ಟ್ರೂಡ್, ಅವನಿಗೆ ಕಾಣುವಂತೆ ತುಟಿ ಬಿಡಿಸಿ.

ಆರನೆಯ ದಿನ ಗೇರ್‌ಬಾಕ್ಸ್ ಬೆಣ್ಣೆಯಲ್ಲಿ ಚೂರಿ ಇಳಿದಂತೆ ಕೂತಿತು. ಆದರೆ ಇಂಜಿನ್ ಹಳೆಯದಕ್ಕಿಂತ ಎತ್ತರ. ಬಾನೆಟ್ ನಾಲ್ಕು ಬೆರಳು ಮೇಲೆಯೇ ನಿಂತಿತು. ಮಾಯಿಲಪ್ಪ ತಲೆಗೆ ಕೈಕೊಟ್ಟು ಕೂತ. ಬಾಗಿ ಜೀಪಿಗೆ ಒಂದು ಸುತ್ತು ಬಂದಳು. ಅವನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿ, "ರವಿಕೆ ಗಿಡ್ಡವಾದರೆ ಪಟ್ಟಿ ಕೊಟ್ಟು ಹೊಲಿಯುವುದಿಲ್ವಾ? ಇದಕ್ಕೂ ತಗಡಿನ ಪಟ್ಟಿ ಕೊಡಿ," ಎಂದಳು. ಅವನು ಹಾಗೆಯೇ ಮಾಡಿದ. ಕೆನ್ನೆ ಉಬ್ಬಿಸಿದ ಕಪ್ಪೆಯಂತೆ ಕಂಡಿತು ಜೀಪು.

ಗೆರ್ಟ್ರೂಡ್ ಸ್ಟಾರ್ಟರ್ ಒತ್ತಿದಾಗ ಮಾಯಿಲಪ್ಪ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೆ ಊರಿ ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿದ. ಎರಡು ಸಲ ಕೆಮ್ಮಿದ ಇಂಜಿನ್ ಮೂರನೆಯ ಸಲ ಹತ್ತಿಕೊಂಡಿತು. ಅವನ ದವಡೆಯಿಂದ ತಲೆಬುರುಡೆಗೆ ಏರಿದ ಆ ಸಮನಾದ ಕಂಪನಕ್ಕೆ ಕಣ್ಣು ತುಂಬಿ ಬಂತು.

ಶನಿವಾರ ಬೆಳಿಗ್ಗೆ ಮಳೆ ನಿಂತ ಮೇಲೆ ಅಲೆಕ್ಸ್ ಬಂದರು. ಅವರೂ ಬಾಗಿಯೂ ಹಿಂದೆ ಕೂತರು. ಮಾಯಿಲಪ್ಪ ಮುಂದೆ, ಗೆರ್ಟ್ರೂಡರ ಪಕ್ಕದಲ್ಲಿ. ನಂತೂರಿನ ಏರು ಅರ್ಧ ಹತ್ತುವಷ್ಟರಲ್ಲಿ ದಾರಿ ಕಟ್ಟಿತ್ತು. ಹಂಚು ತುಂಬಿದ ಲಾರಿಯೊಂದು ಹಿಂದಿನ ಚಕ್ರ ಅಚ್ಚಿನವರೆಗೆ ಹೂತು ರಸ್ತೆಗೆ ಅಡ್ಡ ನಿಂತಿತ್ತು. ಆಚೆ ಇಳಿಯಬೇಕಾದ ಬಸ್ಸು, ಅದರ ಹಿಂದೆ ಲಾರಿಗಳ ಸಾಲು. ಹಗ್ಗ ಹಿಡಿದು ಎಳೆದ ಜನ ಸೋತು ಬದಿಗೆ ಕೂತಿದ್ದರು.

"ತಿರುಗಿಸುವ," ಎಂದರು ಅಲೆಕ್ಸ್.

"ಎಂತಕ್ಕೆ? ನೋಡಲಿಕ್ಕೆ ಬಂದದ್ದಲ್ವಾ ನೀವು?" ಎಂದು ಗೆರ್ಟ್ರೂಡ್ ರಸ್ತೆಯಂಚಿನ ಕೆಸರಲ್ಲೇ ಜೀಪನ್ನು ಲಾರಿಯ ಮುಂದಕ್ಕೆ ಒಯ್ದರು. ಮಾಯಿಲಪ್ಪ ಸರಪಳಿ ಬಿಗಿದು ಬಂದು ಕೂತ. ನಾಲ್ಕು ಚಕ್ರವೂ ಎಳೆಯುವಂತೆ ಲಿವರ್ ಹಾಕಿ, ಗೇರ್‌ಬಾಕ್ಸಿನ ಮೇಲೆ ಬರಿಗಾಲು ಊರಿದ.

"ಕ್ಲಚ್ ಮೆಲ್ಲ ಬಿಡಿ... ಇನ್ನೂ ಮೆಲ್ಲ... ಈಗ ಕೊಡಿ!"

ಸರಪಳಿ ಬಿಗಿಯಿತು. ನಾಲ್ಕು ಚಕ್ರಗಳೂ ಕೆಸರು ಅಗೆದವು. ಜೀಪು ನಿಂತಲ್ಲೇ ನಡುಗಿತು. "ಬಿಡಬೇಡಿ, ಅದಕ್ಕೆ ತ್ರಾಣ ಉಂಟು, ನನಗೆ ಕಾಲಿಗೆ ಗೊತ್ತಾಗ್ತದೆ!" ಎಂದು ಮಾಯಿಲಪ್ಪ ಕೂಗಿದ. ಅಲೆಕ್ಸ್ ಕೊಡೆ ಎಸೆದು ಇಳಿದು, ಮುರಕಲ್ಲು ಹೆಕ್ಕಿ ತಂದು ಲಾರಿಯ ಚಕ್ರದಡಿ ತುರುಕಿದರು. ಕೂತಿದ್ದವರೂ ಎದ್ದು ಬಂದು ಹಿಂದಿನಿಂದ ಹೆಗಲು ಕೊಟ್ಟರು. ಲಾರಿ ಒಂದು ಗೇಣು ಅಲುಗಿತು. ಮತ್ತೆ ಒಂದು ಗೇಣು. ಆಮೇಲೆ ಕೆಸರಿನಿಂದ ಕಿತ್ತುಕೊಂಡು, ಹಂಚುಗಳೆಲ್ಲ ಖಣಖಣ ಎನ್ನುತ್ತ ಗಟ್ಟಿ ನೆಲಕ್ಕೆ ಏರಿತು.

"ಬಂತು! ಬಂತು ಮಾರಾಯ್ರೆ!" ಎಂದು ಎಲ್ಲರಿಗಿಂತ ಜೋರಾಗಿ ಕಿರುಚಿದವರು ಅಲೆಕ್ಸ್. ಅವರ ಬಿಳಿ ಪ್ಯಾಂಟು ಸೊಂಟದವರೆಗೆ ಕೆಂಪಾಗಿತ್ತು.

"ಕಮಿಟಿಗೆ ಎಂತ ಹೇಳ್ತೀರಿ?" ಗೆರ್ಟ್ರೂಡ್ ಕೇಳಿದರು.

"ಹೇಳಲಿಕ್ಕೆ ಎಂತ ಉಂಟು? ಮಂಗಳವಾರ ನಾನೂ ಬರ್ತೇನೆ, ಪೆಟ್ಟಿಗೆ ಹಿಡಿಯಲಿಕ್ಕೆ."

ಲಾರಿ ಬದಿಗೆ ಸರಿದೊಡನೆ ಮೊದಲು ಹೊರಟದ್ದು ಬಸ್ಸು. ಅದು ಜೀಪಿನ ಹತ್ತಿರ ಬಂದು ನಿಂತಿತು. ಡ್ರೈವರ್ ಚನಿಯ ಇಳಿದು ಬಂದ. ಮಾಯಿಲಪ್ಪನೊಡನೆ ಅದೇ ಕಂಪನಿಯಲ್ಲಿ ದುಡಿದವನು. "ಮಾಯಿಲಪ್ಪಣ್ಣ, ಇಳಿಯುವಾಗ ಗೇರು ಹಾರ್ತದೆ ಇದರದ್ದು. ಎಂತಕ್ಕೆ ಅಂತ ವರ್ಕ್‌ಶಾಪಿನವರಿಗೆ ಸಿಗ್ತಾ ಇಲ್ಲ. ಸ್ವಲ್ಪ ನೋಡ್ತೀರಾ?"

ಮಾಯಿಲಪ್ಪ ಬೆನ್ನು ಹಾಕಿ ಸರಪಳಿ ಸುತ್ತುತ್ತಿದ್ದ. ಬಾಗಿ ಇಳಿದುಹೋಗಿ ಅವನ ಭುಜ ಮುಟ್ಟಿ, ಎದುರು ನಿಂತು, ಚನಿಯನ ಮಾತನ್ನು ಒಂದೊಂದಾಗಿ ಹೇಳಿದಳು. ಅವನು ಚನಿಯನನ್ನೊಮ್ಮೆ, ಬಸ್ಸನ್ನೊಮ್ಮೆ ನೋಡಿದ. ಸರಪಳಿಯನ್ನು ಜೀಪಿನೊಳಗಿಟ್ಟು, ಕೈಯ ಕೆಸರನ್ನು ಹುಲ್ಲಿಗೆ ಉಜ್ಜಿ, ಬಸ್ಸಿನ ಮೆಟ್ಟಿಲು ಹತ್ತಿದ. ಪ್ರಯಾಣಿಕರು ಕಾಲು ಮಡಚಿ ಜಾಗ ಬಿಟ್ಟರು. ಅವನು ನಡುವೆ ಮಂಡಿಯೂರಿ ಗೇರ್‌ಬಾಕ್ಸಿನ ಮೇಲಿನ ಹಲಗೆ ತೆಗೆದು ಒಳಗೆ ಕೈ ಇಳಿಸಿದ.

ಗುಡ್ಡದ ಮೇಲಿನವರೆಗೂ ಲಾರಿಗಳು ಸಾಲುಗಟ್ಟಿ ಕಾದಿದ್ದವು. ಯಾರೂ ಹಾರ್ನ್ ಹಾಕಲಿಲ್ಲ.