ಹುರುಳಿಯ ಮೇಲೆ ಕುರ್ಚಿ

ಅಕ್ಕಿಆಲೂರು ರಸ್ತೆಯ ತಿರುವಿನಲ್ಲಿ ಈ ಸುಗ್ಗಿಗೂ ಹುರುಳಿ ಹಾಸಿದ್ದರು. ಬಸ್ಸು, ಲಾರಿಗಳ ಗಾಲಿ ಹಾಯ್ದು ಕಾಳು ಉದುರಲೆಂದು ಬಳ್ಳಿಯನ್ನು ದಪ್ಪಗೆ ಹರವಿದ್ದರು. ಹೋದ ವರ್ಷ ಇದೇ ತಿರುವಿನಲ್ಲಿ ಇಂಥದೇ ಬಳ್ಳಿಯ ಮೇಲೆ ಮೋಟಾರ್ ಸೈಕಲ್ ಜಾರಿ, ಹಿಂದೆ ಕುಳಿತಿದ್ದ ಸುಗುಣವ್ವ ತಲೆಗೆ ಪೆಟ್ಟಾಗಿ ತೀರಿಹೋಗಿದ್ದಳು. ಅವಳ ಗಂಡ ದೇವಮಿತ್ರಪ್ಪ ಊರಿನ ಸಣ್ಣ ಚರ್ಚಿನ ಹಿರಿಯ. ಅಂದಿನಿಂದ ಅವನು ಒಂದೇ ಮಾತು ಹೇಳುತ್ತ ತಿರುಗುತ್ತಿದ್ದ: ರಸ್ತೆಯ ಮೇಲೆ ಒಕ್ಕಬೇಡಿರಿ.

ಕೇಳಿದವರಿಲ್ಲ. ಹುರುಳಿಯ ಒಡೆಯ ಗಿರಿಯಪ್ಪ ಬೈಯುತ್ತಲೂ ಇರಲಿಲ್ಲ, ಚಹಾ ಕುಡಿಸಿ ಕಳಿಸುತ್ತಿದ್ದ. ದೇವಮಿತ್ರಪ್ಪನಿಗೆ ಸಿಟ್ಟು ಬರುತ್ತಿದ್ದುದೇ ಅದಕ್ಕೆ. ಬೈದಿದ್ದರೆ ಮಾತು ಕಿವಿಗೆ ಬಿದ್ದಿದೆಯೆಂದಾದರೂ ತಿಳಿಯಬಹುದಿತ್ತು.

ಆ ಬೆಳಿಗ್ಗೆ ಪ್ರಾರ್ಥನೆಗೆ ಕುಳಿತವನು ದೇವರೊಡನೆ ಜಗಳಕ್ಕೇ ಇಳಿದ. ಪ್ರವಾದಿ ಯೆಹೆಜ್ಕೇಲನನ್ನು ಎಚ್ಚರಿಸಲೆಂದು ಕಾವಲಿಗಿಟ್ಟೆ, ಜನ ಅವನ ಮಾತನ್ನು ಹಾಡು ಕೇಳಿದ ಹಾಗೆ ಕೇಳಿ ಎದ್ದುಹೋದರು. ಎಚ್ಚರಿಸಿದ ತಪ್ಪಿಗೆ ಯೆರೆಮೀಯನನ್ನು ಕೆಸರಿನ ಬಾವಿಗೆ ಇಳಿಸಿದರು. ಊರಿಗೆ ಊರೇ ಮಾತು ಕೇಳಿದ್ದು ಯೋನನೊಬ್ಬನದು, ಅವನಿಗೋ ಆ ಊರು ಉಳಿಯುವುದೇ ಬೇಕಾಗಿರಲಿಲ್ಲ. ಇದೆಂಥ ಕಾರಭಾರ ಸ್ವಾಮಿ ನಿನ್ನದು?

ಎದ್ದು ಗಿರಿಯಪ್ಪನ ಮನೆಗೆ ಹೋದ. ಗಿರಿಯಪ್ಪನ ಮಗ ಜಗದೀಶ ತುಂಬು ಬಸುರಿ ಹೆಂಡತಿ ಹೇಮಾಳನ್ನು ಮೋಟಾರ್ ಸೈಕಲ್ಲಿನಲ್ಲೇ ಹಾನಗಲ್ಲಿನ ಡಾಕ್ಟರಿಗೆ ತೋರಿಸಲು ಕರೆದೊಯ್ದಿದ್ದ. ಸಂಜೆ ಅದೇ ತಿರುವಿನಲ್ಲಿ ಮರಳಬೇಕು.

“ನಿಮ್ಮ ಸೊಸೀನ ಬರಾಕತ್ತಾಳ ಗಿರಿಯಪ್ಪ. ಇವತ್ತೊಂದಿನ ತಗೀರಿ.”

“ನಮ್ಮ ಹುಡುಗ ಹುಟ್ಟಿದಾಗಿಂದ ಅದ ದಾರ್ಯಾಗ ಅಡ್ಡಾಡ್ಯಾನ. ನಿಮ್ಮ ದುಃಖ ನಮಗ ಗೊತ್ತೈತ್ರಿ ಹಿರ್ಯಾರ. ಕುಂದರ್ರಿ, ಚಾ ಕುಡೀರಿ.”

ಗಿರಿಯಪ್ಪನ ಹೆಂಡತಿ ಚೌಡವ್ವ ಕಪ್ಪು ಹಿಡಿದು ಬಂದು, ಬಸುರಿ ಇರುವ ಮನೆಯಲ್ಲಿ ಇಂಥ ಮಾತು ಆಡಬಾರದೆಂದು ಮುಖ ತಿರುವಿದಳು.

ದೇವಮಿತ್ರಪ್ಪ ಚಹಾ ಮುಟ್ಟಲಿಲ್ಲ. ಮನೆಗೆ ಹೋಗಿ, ಸುಗುಣವ್ವ ಅಕ್ಕಿ ಆರಿಸಲು ಕೂರುತ್ತಿದ್ದ ಕಟ್ಟಿಗೆಯ ಕುರ್ಚಿಯನ್ನು ಹೊತ್ತು ತಂದು ಹುರುಳಿಯ ನಟ್ಟನಡುವೆ ಇಟ್ಟು ಕುಳಿತ. ಬಸ್ಸಿನ ಡ್ರೈವರ್ ಇಳಿದು ಬಂದು ಬೈದ. ಲಾರಿಯವರು ಹಾರ್ನ್ ಬಾರಿಸಿದರು. ಕಡೆಗೆ ಎಲ್ಲರೂ ಮಣ್ಣಿನ ಅಂಚಿಗೆ ಇಳಿದು, ಮೆಲ್ಲಗೆ ಸುತ್ತಿಕೊಂಡು ಹೋದರು. ಹುರುಳಿ ಹಾಸಿದ ಹಾಗೇ ಉಳಿಯಿತು, ಒಂದು ಗಾಲಿಯೂ ಹಾಯಲಿಲ್ಲ.

“ಮುದುಕಗ ತಲಿ ಕೆಟ್ಟೈತಿ,” ಎಂದಳು ಚೌಡವ್ವ, ಅವನಿಗೆ ಕೇಳುವ ಹಾಗೆಯೇ.

ಬಿಸಿಲು ಇಳಿಯುವ ಹೊತ್ತಿಗೆ ಗಿರಿಯಪ್ಪ ಗೊಣಗುತ್ತ ಟ್ರ್ಯಾಕ್ಟರ್ ತಂದು, ಬಳ್ಳಿಯನ್ನೆಲ್ಲ ಟ್ರೇಲರಿಗೆ ತುಂಬಿಸಿದ.

“ನಿಮ್ಮ ಮಾತು ಕೇಳಿ ತಗ್ಯಾಕತ್ತೇನಂತ ತಿಳ್ಕೋಬ್ಯಾಡ್ರಿ. ಕಾಳು ಉದರವಲ್ದು, ಅದಕ್ಕ.”

ದೇವಮಿತ್ರಪ್ಪ ಟ್ರೇಲರಿನಲ್ಲಿದ್ದ ಪೊರಕೆ ಹಿಡಿದು ಉಳಿದ ಕಾಳು, ಕಡ್ಡಿಗಳನ್ನು ಗುಡಿಸಿದ. ಅವನಿನ್ನೂ ಬಗ್ಗಿಕೊಂಡೇ ಇದ್ದಾಗ ಜಗದೀಶನ ಗಾಡಿ ವೇಗವಾಗಿ ತಿರುವು ದಾಟಿತು. ಹಿಂದೆ ಕುಳಿತ ಹೇಮಾ, ರಸ್ತೆಯ ಬದಿಗೆ ಸರಿಸಿಟ್ಟ ಖಾಲಿ ಕುರ್ಚಿಯನ್ನು ಕತ್ತು ಹೊರಳಿಸಿ ನೋಡುತ್ತ ಹೋದಳು. ಗಾಡಿ ಕಣ್ಮರೆಯಾಗುವ ತನಕ ಅವನು ಪೊರಕೆ ಆಡಿಸಲಿಲ್ಲ. ಇವತ್ತೂ ಒಬ್ಬರೂ ಕೇಳಲಿಲ್ಲವಲ್ಲ ಎಂಬ ಬೇಸರ ಮಾತ್ರ ಹಾಗೇ ಇತ್ತು.

“ನಾಳೆ ಹಳ್ಳದ ಕಡೆ ರಸ್ತಾದಾಗ ಹಾಕ್ತೇನಿ. ಅಲ್ಲಿ ಯಾರ ಕಾಟ ಇಲ್ಲ,” ಎಂದ ಗಿರಿಯಪ್ಪ ಟ್ರ್ಯಾಕ್ಟರ್ ಏರುತ್ತ.

“ಹಳ್ಳ ನನಗ ದೂರ ಆಕ್ಕೈತಿ,” ಎಂದ ದೇವಮಿತ್ರಪ್ಪ. “ಈ ಕುರ್ಚಿ ನಿಮ್ಮ ಟ್ರೇಲರಿನ್ಯಾಗ ಹಾಕ್ಕೊಂಡು ಹೋಗ್ರಿ. ನಾ ನಾಳೆ ಅಲ್ಲಿಗೆ ನಡಕೊಂತ ಬರ್ತೇನಿ.”