ಕೊರಳ ಬಿಲ್ಲೆ

ಬೆಂಕಿ ಗಡಿಗೆಗೆ ಕಟ್ಟಲು ಹಗ್ಗ ಸಿಗದೆ ಹೇಮಲತಾ ಅಡುಗೆಮನೆಯ ಗೂಡುಗಳನ್ನೆಲ್ಲ ತಡಕಾಡುತ್ತಿದ್ದಾಗ, ಗುರುತೇ ಇಲ್ಲದ ಗಂಡಸೊಬ್ಬ ಹಿತ್ತಲ ಬಾಗಿಲಿನಿಂದ ಒಳಗೆ ಬಂದ. ಜೋಳದ ಹಿಟ್ಟಿನ ಡಬ್ಬಿ ಸರಿಸಿ, ಅದರ ಹಿಂದೆ ಕೈ ಹಾಕಿ, ಸೆಣಬಿನ ಹಗ್ಗದ ಉಂಡೆ ತೆಗೆದು ಅವಳ ಮುಂದೆ ಹಿಡಿದ.

"ಇಲ್ಲೈತ್ರಿ ಅಕ್ಕಾರ."

ಅವನ ಕಣ್ಣುಗಳು ಕೆಂಪಗಾಗಿದ್ದವು. ಅಷ್ಟು ಹೇಳಿ, ಬಂದ ಬಾಗಿಲಿನಿಂದಲೇ ಹೊರಟುಹೋದ.

ಹೇಮಲತಾ ಹಗ್ಗ ಹಿಡಿದುಕೊಂಡು ನಿಂತೇ ಇದ್ದಳು. ಅವಳಿಗೆ ನಲವತ್ತೊಂದು. ಮರಾಠಿ ಸೀಮೆಯ ವಾಡಿಯ ಈ ಎರಡು ಕೋಣೆಯ ಮನೆಯಲ್ಲೇ ಹುಟ್ಟಿ ಬೆಳೆದವಳು. ಹಗ್ಗ ಹಿಟ್ಟಿನ ಡಬ್ಬಿಯ ಹಿಂದೆ ಇರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಇವನಿಗೆ ಹೇಗೆ ಗೊತ್ತು? ಖಾಕಿ ಅಂಗಿ, ಕೈಗೆ ಡೀಸೆಲ್ ವಾಸನೆ, ವಯಸ್ಸು ನಲವತ್ನಾಲ್ಕೋ ನಲವತ್ತೈದೋ. ಮೂಗು ಅಗಲ. ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದ ಅವ್ವನ ಮೂಗೂ ಅಗಲವೇ.

ವಿಮೆ ಕಂಪನಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸುವುದು ಹೇಮಲತಾಳ ಕೆಲಸ. ಸುಟ್ಟ ಅಂಗಡಿ ನಿಜವಾಗಿ ಸುಟ್ಟಿತೋ ಸುಟ್ಟರೋ, ಸತ್ತವನು ಯಾವ ಕಾಯಿಲೆ ಮುಚ್ಚಿಟ್ಟಿದ್ದ, ಇದನ್ನೆಲ್ಲ ಕೆದಕಿ ತೆಗೆಯುವುದಕ್ಕೇ ಸಂಬಳ. ಹದಿನೆಂಟು ವರ್ಷ ಅದನ್ನೇ ಮಾಡಿದವಳಿಗೆ ತಾಯಿಯ ಹೆಣದ ಮುಂದೆಯೂ ಆ ಬುದ್ಧಿ ಬಿಡಲಿಲ್ಲ, ಪಾಪ.

ಅಷ್ಟರಲ್ಲಿ ಅವ್ವನ ಹಳೆಯ ಗುಂಡಿ ಫೋನು ರಿಂಗಾಯಿತು. ನಿನ್ನೆ ಸಂಜೆ ಹೆಸರಿನ ಬಿಲ್ಲೆ ಹೊಡೆಯುತ್ತ ಕೂತಿದ್ದ ಅವ್ವ ಚಂದ್ರಮ್ಮ ಸುತ್ತಿಗೆ ಕೈಯಲ್ಲಿ ಹಿಡಿದಂತೆಯೇ ಗೋಡೆಗೆ ಒರಗಿ ಹೋಗಿಬಿಟ್ಟಿದ್ದಳು. ಅದಾದಾಗಿನಿಂದ ಫೋನು ಅವಳ ಅಚ್ಚುಗಳ ಪೆಟ್ಟಿಗೆಯಲ್ಲೇ ಬಿದ್ದಿತ್ತು. ಹೇಮಲತಾ ನೋಡಿದಳು. ಹೆಸರಿಲ್ಲ, ಬರೀ ನಂಬರು. ಕಟ್ ಮಾಡಿದಳು. ಮತ್ತೆ ರಿಂಗಾಯಿತು. ಹೆಣ ಇನ್ನೂ ಮನೆಯಲ್ಲಿರುವಾಗಲೇ ಇಂಥ ಗುರುತಿಲ್ಲದವರು ಇನ್ನೆಷ್ಟು ಜನ ಬರುವವರಿದ್ದಾರೋ ಅಂದುಕೊಂಡು, ಫೋನನ್ನು ಬಂದ್ ಮಾಡಿ ತನ್ನ ಪರ್ಸಿನೊಳಗೆ ತುರುಕಿ, ಪರ್ಸನ್ನು ಕಪಾಟಿನಲ್ಲಿಟ್ಟಳು.

ನಡುಮನೆಯಲ್ಲಿ ಗುಂಡಪ್ಪ ಮಾಮಾ ಕಾಯುತ್ತಿದ್ದ. ಚಂದ್ರಮ್ಮನ ತಮ್ಮ, ರೈಲ್ವೆಯಿಂದ ನಿವೃತ್ತನಾಗಿ ಇದೇ ಊರಿನ ಅಜನಿಯಲ್ಲೇ ನೆಲೆಸಿದವನು.

"ಹೇಮಾ, ಗಡಿಗಿ ನಾನ ಹಿಡೀತೀನಿ ಅಂತ ಹಟಾ ಹಿಡೀಬ್ಯಾಡ. ಮನ್ಯಾಗ ಗಂಡಸರು ಇಲ್ಲೇನು? ನಾ ಅದೀನಲ್ಲ."

"ನಮ್ಮವ್ವಗ ಇರಾಕಿ ನಾ ಒಬ್ಬಾಕಿ ಮಾಮಾ. ನಾನ ಹಿಡೀತೀನಿ."

ಪಕ್ಕದ ಮನೆಯ ಚಾರುಲತಾ ಕಾಕೂ ಹೆಣದ ತಲೆಯ ಬಳಿ ಕೂತು ಊದುಬತ್ತಿ ಹಚ್ಚುತ್ತಿದ್ದಳು. ನಿನ್ನೆ ಚಂದ್ರಮ್ಮನನ್ನು ಮೊದಲು ನೋಡಿದವಳೂ ಅವಳೇ. ಇಪ್ಪತ್ತು ವರ್ಷ ನೆರೆಯಲ್ಲಿದ್ದು ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಮರಾಠಿ.

"ಅಗ ಹೇಮಾ, ತುಝಾ ಭಾಊ ಆಲಾಯ್ ನಾ? ತ್ಯಾಲಾ ದೇ," ಅಂದುಬಿಟ್ಟಳು.

ನಿನ್ನ ಅಣ್ಣ ಬಂದಿದ್ದಾನಲ್ಲ, ಅವನ ಕೈಗೆ ಕೊಡು!

ಮನೆಯಲ್ಲಿದ್ದವರ ಮಾತೆಲ್ಲ ನಿಂತುಹೋಯಿತು. "ಯಾವ ಭಾಊ, ಕಾಕೂ?" ಅಂದಳು ಹೇಮಲತಾ.

ಕಾಕೂ ಗಲಿಬಿಲಿಯಾದಳು. ಹಿತ್ತಲ ಕಡೆ ಕೈ ತೋರಿಸಿದಳು. ದೀಪಾವಳಿಗೆ ಬರುತ್ತಾನಲ್ಲ, ಇಲ್ಲೇ ಊಟ ಮಾಡಿ ಹೋಗುತ್ತಾನಲ್ಲ. ಇವನು ಯಾರೆಂದು ಒಮ್ಮೆ ಕೇಳಿದ್ದಕ್ಕೆ ಚಂದ್ರಾಬಾಯಿಯೇ ಹೇಳಿದ್ದಳು, ಮಾಝಾ ಮುಲಗಾ ಅಂತ. ನನ್ನ ಮಗ ಅಂತ.

ಗುಂಡಪ್ಪ ಮಾಮಾ ಹೇಮಲತಾಳನ್ನು ಬಾಗಿಲ ಬದಿಗೆ ಎಳೆದು ಪಿಸುಗುಟ್ಟಿದ. "ಮನಿ ಮ್ಯಾಲ ಕಣ್ಣಿಟ್ಟು ಬಂದಾನ ನೋಡು ಮಗಾ. ಇಂಥಾ ಹೊತ್ತಿನ್ಯಾಗ ಇಂಥಾವ್ರು ಹುಟ್ಟಿಕೊಳ್ತಾರ."

ಹೇಮಲತಾಳಿಗೆ ಮನೆಯ ಚಿಂತೆ ಇರಲಿಲ್ಲ. ಅವಳ ಎದೆಯಲ್ಲಿ ಎರಡು ವರ್ಷದಿಂದ ಬೇರೊಂದು ಮುಳ್ಳು ಮುರಿದುಕೊಂಡು ಕೂತಿತ್ತು.

*

ಅಪ್ಪ ಸೇನೆಗೆ ಮದ್ದುಗುಂಡು ಮಾಡುವ ಆರ್ಡ್ನೆನ್ಸ್ ಫ್ಯಾಕ್ಟರಿಯಲ್ಲಿ ಬಿಡಿಭಾಗಗಳ ಮೇಲೆ ನಂಬರು ಹೊಡೆಯುತ್ತಿದ್ದ. ಧಾರವಾಡದ ಕಡೆಯಿಂದ ಅದೇ ಕೆಲಸಕ್ಕೆ ಬಂದವನು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಾರದೆ, ಹಳೆಪೇಟೆ ಮಹಾಲ್‌ನ ಗಲ್ಲಿಯೊಂದರಿಂದ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಉಕ್ಕಿನ ಅಚ್ಚುಗಳನ್ನು ತಂದು, ಸ್ಟೀಲಿನ ಬಿಲ್ಲೆಗಳ ಮೇಲೆ ಓಣಿಯ ಹುಡುಗರ ಹೆಸರು ಹೊಡೆದುಕೊಡುತ್ತಿದ್ದ. ಅವನು ತೀರಿಕೊಂಡ ಮೇಲೆ ಚಂದ್ರಮ್ಮ ಅದೇ ಮಣೆಯ ಮುಂದೆ ಕೂತಳು.

ಸರಳ ಕೆಲಸವೇ, ಆದರೆ ಕ್ಷಮೆಯಿಲ್ಲದ ಕೆಲಸ. ಕಬ್ಬಿಣದ ದಿಮ್ಮಿಯ ಮೇಲೆ ಬಿಲ್ಲೆ, ಬಿಲ್ಲೆಯ ಮೇಲೆ ನೆಟ್ಟಗೆ ಅಚ್ಚು, ಅದರ ತಲೆಗೆ ಸುತ್ತಿಗೆಯ ಒಂದೇ ಪೆಟ್ಟು. ಎರಡನೆಯದು ಬಿದ್ದರೆ ಅಕ್ಷರ ಜೋಡಿಯಾಗಿ ಕೆಟ್ಟಿತು. ಆಮೇಲೆ ಕಪ್ಪು ಮಸಿ ಬಳಿದು ಒರೆಸಿದರೆ ಗೀರಿನೊಳಗೆ ಮಸಿ ಉಳಿದು ಹೆಸರು ಎದ್ದು ಕಾಣುತ್ತದೆ. ಒಂದು ಸರ ಪೋಣಿಸಿದರೆ ಮುಗಿಯಿತು. ಹೇಮಲತಾಳೇ ಫೋಟೋ ತೆಗೆದು ಆನ್‌ಲೈನಿನಲ್ಲಿ ಹಾಕಿದಳು. ಕಾಲೇಜು ಹುಡುಗಿಯರು ಮುಗಿಬಿದ್ದು ತರಿಸಿಕೊಂಡರು. ಅವ್ವನ ಸರಗಳನ್ನು ಆಫೀಸಿನಲ್ಲೆಲ್ಲ ತೋರಿಸಿ ಹೇಮಲತಾ ಬೀಗಿದ್ದೂ ಉಂಟು.

ಒಂದು ಮಧ್ಯಾಹ್ನ ಅವಳು ಬಂದಾಗ ಮನೆ ಮುಂದಿನ ಕಟ್ಟೆಯ ಮೇಲೆ ನಾಲ್ಕು ಮಂದಿ ಲಾರಿ ಡ್ರೈವರುಗಳು ಚಹಾ ಕುಡಿಯುತ್ತ ಕೂತಿದ್ದರು. ಒಬ್ಬ ಬೀಡಿ ಸೇದುತ್ತಿದ್ದ. ಗೋದಾಮುಗಳೇ ತುಂಬಿದ ವಾಡಿಯೆಂದಮೇಲೆ ಲಾರಿಗಳಿಗೇನು ಬರ, ಆದರೆ ಕಟ್ಟೆಯ ಮೇಲೆ ಎಂದೂ ಯಾರೂ ಕೂತಿರಲಿಲ್ಲ. ಅವರು ಎದ್ದುಹೋದ ಮೇಲೆ ಅವಳು ಅವ್ವನ ಮೇಲೆ ಹರಿಹಾಯ್ದಳು.

"ಗಂಡ ಇಲ್ಲದ ಮನಿ. ಲಾರಿಯವರನ್ನ ಕೂಡಿಸಿಕೊಂಡು ಚಹಾ ಕುಡಸ್ತೀ! ಮಂದಿ ಏನಂದಾರು? ನಾ ಬರೂ ಮನಿ ಇದು, ನಿನ್ನ ಅಳಿಯ ಬರೂ ಮನಿ. ಇನ್ನೊಮ್ಮೆ ಅವರನ್ನ ಇಲ್ಲಿ ನೋಡಿದೆ ಅಂದ್ರ ನಾ ಹೊಸ್ತಲಾ ತುಳಿಯೂದಿಲ್ಲ."

"ಆತು ಬಿಡವ್ವಾ," ಅಂದಿದ್ದಳು ಚಂದ್ರಮ್ಮ. ಅಷ್ಟೇ. ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋಗಿದ್ದಳು. ಆಮೇಲೆ ಕಟ್ಟೆಯ ಮೇಲೆ ಒಬ್ಬ ಡ್ರೈವರೂ ಕಾಣಲಿಲ್ಲ.

*

ಮುಳ್ಳು ಮುರಿದದ್ದು ಎರಡು ವರ್ಷದ ಹಿಂದೆ. ಅವ್ವನಿಗೆ ಹೇಳದೆ ಬಂದಿದ್ದ ಹೇಮಲತಾ ಚಪ್ಪಲಿ ಬಿಡುತ್ತಿದ್ದಳು. ಒಳಗೆ ಅವ್ವ ಗುಂಡಿ ಫೋನಿನಲ್ಲಿ ಯಾರಿಗೋ ಹಿಂದಿಯಲ್ಲಿ ಹೇಳುತ್ತಿದ್ದಳು.

"ಹಾಂ, ಮೈ ಉಸಕೀ ಮಾ ಬೋಲ್ ರಹೀ ಹೂಂ. ಮೇರಾ ಬೇಟಾ ಹೈ ವೋ. ಮೈ ಆತೀ ಹೂಂ."

ಅವನ ತಾಯಿ ಮಾತಾಡುತ್ತಿದ್ದೇನೆ. ನನ್ನ ಮಗ ಅವನು. ನಾನು ಬರುತ್ತೇನೆ.

ಮಗಳನ್ನು ಕಂಡು ಚಂದ್ರಮ್ಮ ಫೋನು ಕೆಳಗಿಟ್ಟಳು. "ಯಾರವ್ವಾ?" ಅಂದರೆ "ರಾಂಗ್ ನಂಬರ್" ಅಂದಳು. ಮಾರನೆಯ ದಿನ ಮನೆಗೆ ಬೀಗ. ಮೂರು ದಿನ ಬಿಟ್ಟು ಬಂದವಳು, ಭಜನಾ ಮಂಡಳಿಯವರ ಜೊತೆ ಯಾತ್ರೆಗೆ ಹೋಗಿದ್ದೆ ಅಂದಳು. ಕಾಕೂ ಆ ಮಂಡಳಿಯವಳೇ. ಆ ಮೂರೂ ದಿನ ಇಲ್ಲೇ ಓಣಿಯಲ್ಲಿ ಹಪ್ಪಳ ಒಣಗಿಸುತ್ತಿದ್ದಳು.

ಹೇಮಲತಾ ಕೇಳಲಿಲ್ಲ. ಕೇಳಿದ್ದರೆ ಆಗುತ್ತಿತ್ತು. ಕೇಳದೆ ಒಳಗೊಳಗೇ ಕ್ಲೇಮಿನ ವರದಿ ಬರೆದಳು. ಅವ್ವ ಮದುವೆಯಾದದ್ದು ಹತ್ತೊಂಬತ್ತಕ್ಕೆ, ತಾನು ಹುಟ್ಟಿದ್ದು ಆರು ವರ್ಷ ಬಿಟ್ಟು. ಆ ಆರು ವರ್ಷದಲ್ಲಿ ಏನಾಯಿತು? ಯಾರು ಹುಟ್ಟಿದರು, ಎಲ್ಲಿ ಬೆಳೆದರು? ಅಪ್ಪನಿಗೆ ಗೊತ್ತಿತ್ತೇ? ಅವ್ವ ಮುದ್ದಿನಿಂದ "ನನ್ನ ಒಬ್ಬಾಕಿ ಮಗಳು" ಅಂದಾಗಲೆಲ್ಲ ಮೈ ಉರಿಯುತ್ತಿತ್ತು. ವಾರಕ್ಕೊಮ್ಮೆ ಬರುತ್ತಿದ್ದವಳು ತಿಂಗಳಿಗೊಮ್ಮೆ ಬರತೊಡಗಿದಳು. ಚಂದ್ರಮ್ಮ ಯಾಕೆಂದು ಕೇಳಲಿಲ್ಲ. ಬಂದಾಗ ಒಂದು ರೊಟ್ಟಿ ಹೆಚ್ಚು ಬಡಿಸುತ್ತಿದ್ದಳು.

*

ಗಡಿಗೆಗೆ ಹಗ್ಗ ಕಟ್ಟಿ, ಕೆಂಡ ಹಾಕಿ, ಹೇಮಲತಾಳೇ ಹಿಡಿದಳು. ಚಟ್ಟ ಎತ್ತುವ ಮೊದಲು ಮಾಮಾನ ಕಿವಿಯ ಹತ್ತಿರ ಬಾಗಿದಳು.

"ಖರೇ ಹೇಳು ಮಾಮಾ. ನಾ ಹುಟ್ಟೂಕಿಂತ ಮೊದಲ ಅವ್ವಗ ಯಾರರ ಹುಟ್ಟಿದ್ರೇನು?"

"ಹೆಣಾ ಮುಂದಿಟ್ಟಕೊಂಡು ಇಂಥಾ ಮಾತು ಆಡ್ತಾರೇನ? ನಡಿ, ಹೊತ್ತಾತು."

ಇಲ್ಲ ಅನ್ನಲಿಲ್ಲ, ನೋಡಿ! ಹೇಮಲತಾ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಳು.

ದಾರಿಯುದ್ದಕ್ಕೂ ಆ ಗಂಡಸು ಚಟ್ಟಕ್ಕೆ ಹೆಗಲು ಕೊಟ್ಟು ನಡೆದ, ಒಮ್ಮೆಯೂ ಬದಲಾಯಿಸಲಿಲ್ಲ. ಹೆಣ ಸುಡುವ ಘಾಟ್ ತಲುಪಿದ ಮೇಲೆ ಮಾತ್ರ ದೂರ ಸರಿದು ಗೋಡೆಯ ಪಕ್ಕ ಬೇವಿನ ಕೆಳಗೆ ನಿಂತ. ಮುಂದೆ ಬರಲಿಲ್ಲ, ಹಕ್ಕು ಕೇಳಲಿಲ್ಲ. ಆಟ ಹೂಡಿದ್ದಾನೆ, ಕರೆಯಲಿ ಎಂದು ಕಾಯುತ್ತಿದ್ದಾನೆ ಅಂದುಕೊಂಡಳು ಹೇಮಲತಾ. ಕಟ್ಟಿಗೆ ಜೋಡಿಸುವುದು ಇನ್ನೂ ಮುಗಿದಿರಲಿಲ್ಲ. ಗಡಿಗೆಯನ್ನು ಕೆಳಗಿಟ್ಟು ನೆಟ್ಟಗೆ ಅವನ ಹತ್ತಿರ ಹೋದಳು.

"ನಿಮ್ಮ ಹೆಸರು?"

"ಗುರು ಅಂತ ರೀ. ಹುಬ್ಬಳ್ಳಿ ಕಡ್ಯಾಂವ."

"ನಮ್ಮವ್ವ ನಿಮಗ ಏನಾಗಬೇಕು?"

ಅವನು ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕೊರಳಿನ ಸರ ಹೊರಗೆಳೆದ. ಸರದ ತುದಿಯಲ್ಲಿ ಸ್ಟೀಲಿನ ಬಿಲ್ಲೆ. ಮೇಲೆ ಅವನ ಹೆಸರು, ಅದರ ಕೆಳಗೆ ರಕ್ತದ ಗುಂಪು, ಅದರ ಕೆಳಗೆ ಹತ್ತು ಅಂಕಿ. ಏಳು ಎಂಬ ಅಂಕಿ ತುಸು ಎಡಕ್ಕೆ ವಾಲಿತ್ತು. ಅದು ಅವ್ವನ ಪೆಟ್ಟು. ಅವಳ ಏಳು ಯಾವಾಗಲೂ ಎಡಕ್ಕೇ ವಾಲುತ್ತಿತ್ತು. ನಂಬರೂ ಅವ್ವನದೇ, ಗುಂಡಿ ಫೋನಿನದು.

"ರೋಡಿನ್ಯಾಗ ಸತ್ತರ ಹೆಸರಿಲ್ಲದ ಹೆಣಾ ಆಗತೈತಿ ಅಂತ ಡ್ರೈವರ್ ಮಂದಿ ಅವ್ವಾರ ಕಡೆ ಇದನ್ನ ಹೊಡಿಸಿಕೊಳ್ತಿದ್ರು," ಅಂದ ಗುರು. "ಎಲ್ಲಾರೂ ತಮ್ಮ ಮನಿ ನಂಬರ ಕೊಟ್ರು. ನಂಗ ಕೇಳಿದ್ರು, ಯಾರ ನಂಬರ ಹೊಡೀಲೋ ಅಂತ. ನಾ ಸುಮ್ಮ ಕುಂತೆ. ಹೋಟೆಲಿನ್ಯಾಗ ಕಪ್ಪು ತೊಳಕೋತ ಬೆಳದಾಂವ ರೀ ನಾ, ಯಾರ ನಂಬರ ಹೇಳ್ಲಿ? ಅವ್ವಾರು ಒಂದು ಸಲ ನನ್ನ ಮುಖಾ ನೋಡಿದ್ರು. ಆಮ್ಯಾಲ ಏನೂ ಕೇಳಲಿಲ್ಲ, ತಮ್ಮ ನಂಬರ ಹೊಡದ್ರು."

ಹೇಮಲತಾ ಕೈ ಚಾಚಿ ಬಿಲ್ಲೆಯನ್ನು ಹಿಡಿದುಕೊಂಡಳು.

"ಎರಡು ವರ್ಸದ ಹಿಂದ ರಾಯಪುರ ರೋಡಿಗೆ ಗಾಡಿ ಮಗಚಿತು. ಎಚ್ಚರಿಲ್ಲ ನಂಗ. ದವಾಖಾನಿಯವರು ಇದನ್ನ ನೋಡಿ ಫೋನ್ ಹಚ್ಚಿದ್ರು. ಕಣ್ಣು ತೆರೆದಾಗ ಅವ್ವಾರು ಬಾಜೂಕ ಕುಂತಿದ್ರು. ಮೂರು ದಿನ ಹಂಗ ಕುಂತಿದ್ರಂತ. ಕಾಗದದಾಗ ಸಂಬಂಧ ಏನು ಅಂತ ಇರತೈತಲ್ರಿ, ಅಲ್ಲೆ 'ತಾಯಿ' ಅಂತ ಬರೆದು ಸೈನ್ ಮಾಡಿದ್ರು."

"ನನಗ ಯಾಕ ಹೇಳಲಿಲ್ಲ ಅಕಿ?" ಅಂದಳು ಹೇಮಲತಾ.

ಗುರು ನೆಲ ನೋಡಿದ. "ಲಾರಿಯವರು ಮನಿಗೆ ಬಂದ್ರ ನಿಮಗ ಸೇರೂದಿಲ್ಲ ಅಂದಿದ್ರು ರೀ. ನನ್ನ ಮಗಳು ಬರೂದು ಬಿಟ್ಟಾಳು, ನೀವು ಹಿತ್ತಲಿಂದ ಬರ್ರೋ ಅಂತಿದ್ರು."

ಇಷ್ಟು ದಿನ ಕೂಡಿಸಿಟ್ಟ ಅನುಮಾನವೆಲ್ಲ ಸುತ್ತಿ ಬಳಸಿ ಅವಳದೇ ಕಾಲಿಗೆ ತೊಡರಿಕೊಂಡಿತು. ಅಳು ಬಂತು. ಬೆಳಗಿನಿಂದ ಬಾರದ ಅಳು, ಬೇವಿನ ಕೆಳಗೆ ಗುರುತಿಲ್ಲದವನ ಮುಂದೆ ಬಂತು.

"ನಾ ಒಬ್ಬನ ಅಲ್ರಿ ಅಕ್ಕಾರ. ಯಾರೂ ಇಲ್ಲದಾವ್ರು ಬಾಳ ಮಂದಿ ಅದಾರ. ಎಲ್ಲಾರ ಕೊಳ್ಳಾಗೂ ಇದ ನಂಬರ ಐತಿ. ನಾ ಮತ್ತೇನೂ ಕೇಳಾಕ ಬಂದಿಲ್ಲ. ಆ ಫೋನ್ ಒಂದು ಬಂದ್ ಮಾಡಬ್ಯಾಡ್ರಿ."

ಹೇಮಲತಾಳ ಅಳು ಅಲ್ಲೇ ನಿಂತಿತು. ಬೆಳಿಗ್ಗೆ ಎರಡು ಸಲ ಬಂದ ಕರೆ. ಎರಡೂ ಸಲ ಅವಳೇ ಕಟ್ ಮಾಡಿದ್ದು. ಆಮೇಲೆ ಫೋನನ್ನೇ ಬಂದ್ ಮಾಡಿದ್ದು. ಫೋನು ಪರ್ಸಿನಲ್ಲಿ, ಪರ್ಸು ಕಪಾಟಿನಲ್ಲಿ.

"ಹೇಮಾ! ಕಟಗಿ ಇಟ್ಟಾತು, ಜಲ್ದಿ ಬಾ," ಎಂದು ಮಾಮಾ ಕೂಗಿದ.

ಅವಳು ಗುರುವಿನ ತೋಳು ಹಿಡಿದು ಎಳೆದುಕೊಂಡೇ ಹೋದಳು. "ಯಾರಿವ? ಇವಗೇನು ಹಕ್ಕೈತಿ?" ಎಂದು ಮಾಮಾ ಅಡ್ಡ ಬಂದ. "ನೀ ಸುಮ್ಕಿರು ಮಾಮಾ, ಆಮ್ಯಾಲ ಹೇಳ್ತೀನಿ," ಅಂದಳು. ಅವ್ವನ ಬಾಯಿಗೆ ಅವಳು ನೀರು ಬಿಟ್ಟಳು, ಆಮೇಲೆ ಗುರು ಬಿಟ್ಟ. ಗಡಿಗೆಯ ಕೆಂಡದಿಂದ ಅವಳೇ ಬೆಂಕಿ ಇಟ್ಟಳು. ಚಿತೆ ಹೊತ್ತಿಕೊಂಡದ್ದನ್ನು ನೋಡಿದವಳೇ ಯಾರಿಗೂ ಕಾಯದೆ ಗೇಟಿನ ಕಡೆ ಓಡಿದಳು.

*

ಹೆಣವಿದ್ದ ಜಾಗದಲ್ಲಿ ಕಾಕೂ ನೆಲ ಸಾರಿಸಿ, ಜೋಳದ ಹಿಟ್ಟು ಹರಡಿ, ಮೇಲೊಂದು ಹಣತೆ ಹಚ್ಚಿಟ್ಟಿದ್ದಳು. ಹತ್ತು ದಿನ ಅದು ಆರಬಾರದು.

"ಮೈ ತೊಳಕೊಳ್ಳದ ಒಳಗ ಹೋಗಬ್ಯಾಡ, ಹೇಮಾ! ಮುಟ್ಟಬ್ಯಾಡ ಏನೂ!" ಹಿಂದೆ ಆಟೋದಿಂದ ಇಳಿಯುತ್ತಲೇ ಮಾಮಾ ಕೂಗಿಕೊಂಡ.

ಅವಳು ಆಗಲೇ ಕಪಾಟು ತೆರೆದಿದ್ದಳು. ಫೋನು ಚಾಲೂ ಮಾಡಿದಳು, ಬ್ಯಾಟರಿಯಲ್ಲಿ ಒಂದೇ ಗೀರು ಉಳಿದಿತ್ತು. ಚಾರ್ಜರು ಹಣತೆಯ ಪಕ್ಕದ ಗೋಡೆಗೇ ಇತ್ತು, ಅವ್ವ ಯಾವಾಗಲೂ ಅಲ್ಲೇ ಸಿಕ್ಕಿಸುತ್ತಿದ್ದಳು. ಅದಕ್ಕೆ ಸಿಕ್ಕಿಸಿ, ವಯರು ಗಿಡ್ಡವಾದ್ದರಿಂದ ಹಣತೆಯ ಮುಂದೆ ನೆಲಕ್ಕೇ ಕೂತು, ಬೆಳಗಿನ ನಂಬರು ಒತ್ತಿದಳು. ಮೂರು ರಿಂಗಾಯಿತು. ನಾಲ್ಕಾಯಿತು.

"ಹಲೋ? ಸುಬಹ್ ಸೇ ಲಗಾ ರಹೇ ಹೈಂ ಮೇಡಂ," ಎಂದಿತು ಹೆಂಗಸಿನ ಧ್ವನಿ. ದವಾಖಾನೆಯ ನರ್ಸು. ಬೆಳಿಗ್ಗೆಯಿಂದ ಹಚ್ಚುತ್ತಿದ್ದೇವೆ, ಇಲ್ಲೊಬ್ಬ ಪೇಶಂಟ್ ಇದ್ದಾನೆ, ಜೀವ ಇದೆ, ಮಾತಿಲ್ಲ, ಕೊರಳಲ್ಲಿ ಈ ನಂಬರಿದೆ. "ಆಪ್ ಇನಕೀ ಕೌನ್ ಲಗತೀ ಹೈಂ?" ನೀವು ಇವನಿಗೆ ಏನಾಗಬೇಕು?

"ಬೆಹನ್," ಅಂದಳು ಹೇಮಲತಾ. "ಮೈ ಉಸಕೀ ಬೆಹನ್ ಬೋಲ್ ರಹೀ ಹೂಂ. ನಾಮ್ ಕ್ಯಾ ಲಿಖಾ ಹೈ, ಪಢಿಯೇ." ಅವನ ಅಕ್ಕ ಮಾತಾಡುತ್ತಿದ್ದೇನೆ, ಹೆಸರೇನು ಬರೆದಿದೆ ಓದಿ.

ಅಕ್ಷರಗಳಲ್ಲಿ ರಕ್ತ ತುಂಬಿದೆ, ಒರೆಸಿ ಓದುತ್ತೇನೆ, ತಡೆಯಿರಿ ಅಂದಳು ನರ್ಸು. ತೆರೆದ ಹಿತ್ತಲ ಬಾಗಿಲಿನಿಂದ ಗಾಳಿ ಬೀಸಿ ಹಣತೆಯ ಕುಡಿ ಬಾಗಿತು. ಹೇಮಲತಾ ಎಡಗೈಯನ್ನು ಅದಕ್ಕೆ ಅಡ್ಡ ಹಿಡಿದಳು. ಘಾಟಿನ ಮಸಿ ಇನ್ನೂ ಬೆರಳಿಗೆ ಅಂಟಿಕೊಂಡಿತ್ತು. ಬಲಗೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡು, ಆ ಕಡೆಯಿಂದ ಒಂದೊಂದಾಗಿ ಬರತೊಡಗಿದ ಅಕ್ಷರಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಕೂತಳು.